ಮಗಳ ಮೆಸೇಜ್ ಕದ್ದು ನೋಡುವ ಆ್ಯಪ್ ಹಾಕಬೇಕಾ?

ಶಹಾಪುರದಿಂದ: ಮಗಳಿಗೆ 14. ನೋಟ್ಸ್, ಟ್ಯೂಷನ್ ಎಲ್ಲ ಫೋನಿನಲ್ಲೇ. ಅವಳಿಗೆ ಗೊತ್ತಾಗದಂತೆ ಮೆಸೇಜೆಲ್ಲ ನನಗೆ ಕಾಣುವ ಆ್ಯಪ್ ಹಾಕು ಅಂತ ಅಣ್ಣ ಗಂಟು ಬಿದ್ದಿದ್ದಾನೆ. ನೀವೆಲ್ಲ ಏನು ಮಾಡಿದ್ದೀರಿ?

ಕಲಬುರಗಿಯಿಂದ: ಹಾಕಬೇಡಿ ಅಕ್ಕಾ. ನಮ್ಮ ಓಣಿಯಲ್ಲಿ ಒಬ್ಬರು ಹಾಕಿದ್ದರು. ಹುಡುಗಿಗೆ ಗೊತ್ತಾಗಿ, ಗೆಳತಿಯ ಫೋನಿನಲ್ಲಿ ಬೇರೆ ಅಕೌಂಟ್ ಮಾಡಿಕೊಂಡಳು. ಆಮೇಲೆ ಯಾವನೋ ಅವಳ ಫೋಟೊ ಇಟ್ಟುಕೊಂಡು ದುಡ್ಡು ಕೇಳತೊಡಗಿದಾಗ ಮನೆಯಲ್ಲಿ ಬಾಯಿ ಬಿಡಲಿಲ್ಲ, ಯಾಕಂದ್ರೆ ಹೇಳಿದರೆ ಶಾಲೆ ಬಿಡಿಸಿ ಮದುವೆ ಮಾಡಿಬಿಡುತ್ತಾರೆ ಅನ್ನುವ ಹೆದರಿಕೆ. ಕೊನೆಗೆ ಟೀಚರ್ ಮುಂದೆ ಅತ್ತಳು. ಬೆದರಿಸಿದವನಿಗೂ ಅವಳು ಸುಮ್ಮನಿರುವುದೇ ಬೇಕಾಗಿತ್ತು, ಅಲ್ವಾ?

ನಾನು ಪೋಷಕರಿಗಾಗಿ ಇರುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿದ್ದೇನೆ, ಮಗನ ಎದುರಿಗೇ. ಯಾವ ಆ್ಯಪ್ ಎಷ್ಟು ಹೊತ್ತು ನೋಡಿದ ಅಂತ ಕಾಣುತ್ತದೆ, ಮೆಸೇಜ್ ಓದಲು ಬರುವುದಿಲ್ಲ. ನನಗೆ ಅಷ್ಟು ಸಾಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ನಮ್ಮ ದೇಶ 1992ರಲ್ಲಿ ಒಪ್ಪಿದೆ. ಅದರ 16ನೇ ವಿಧಿ ಮಕ್ಕಳ ಖಾಸಗಿತನ ಕಾಪಾಡಿ ಅನ್ನುತ್ತದೆ, 34ನೇ ವಿಧಿ ಲೈಂಗಿಕ ಶೋಷಣೆಯಿಂದ ಕಾಪಾಡಿ ಅನ್ನುತ್ತದೆ. ಎರಡೂ ನಿಮ್ಮ ಮಗಳಿಗೆ ಸೇರಬೇಕಾದದ್ದೇ.

ಯಾದಗಿರಿಯಿಂದ: ನಮ್ಮಲ್ಲಿ ರಾತ್ರಿ ಎಲ್ಲರ ಫೋನೂ ಅಡುಗೆಮನೆಯಲ್ಲಿ ಚಾರ್ಜಿಗೆ, ನಮ್ಮದೂ ಸೇರಿ. ಜಗಳ ಕಮ್ಮಿಯಾಗಿದೆ.

ಬೀದರ್‌ನಿಂದ: ನಾನು ಹೈಸ್ಕೂಲ್ ಟೀಚರ್. ಏನಾದರೂ ಆದರೆ ಮೊದಲು ಹುಡುಗಿಯ ಫೋನ್ ಕಿತ್ತುಕೊಳ್ಳುತ್ತಾರೆ, ಅವಳ ತಮ್ಮನ ಫೋನ್ ಮುಟ್ಟುವುದಿಲ್ಲ. ನನಗೆ ಇದು ತುಂಬಾ ನೋವಿನ ವಿಷಯ. ಹಾಸ್ಟೆಲ್‌ನಲ್ಲಿ ಫೋನ್ ನಿರ್ಬಂಧ ಪ್ರಶ್ನಿಸಿ ಕಾಲೇಜು ಹುಡುಗಿಯೊಬ್ಬಳು ಕೋರ್ಟಿಗೆ ಹೋದಾಗ, ಇಂಟರ್ನೆಟ್ ಬಳಸುವುದು ಶಿಕ್ಷಣದ ಹಕ್ಕಿನಲ್ಲೂ ಖಾಸಗಿತನದ ಹಕ್ಕಿನಲ್ಲೂ ಸೇರಿದೆ ಅಂತ ಕೇರಳ ಹೈಕೋರ್ಟ್ 2019ರಲ್ಲೇ ಹೇಳಿದೆ.

ಬೆದರಿಕೆ ಬಂದರೆ ದುಡ್ಡು ಕಳಿಸಬೇಡಿ, ಚಾಟ್ ಅಳಿಸಬೇಡಿ. ಮಕ್ಕಳ ಸಹಾಯವಾಣಿ 1098. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930. ನಗ್ನ ಫೋಟೊ ಆಗಿದ್ದರೆ ಸಾಕ್ಷಿ ಅಂತಲೂ ನೆಂಟರಿಗೆ ಫಾರ್ವರ್ಡ್ ಮಾಡಬೇಡಿ, ಐಟಿ ಕಾಯ್ದೆಯ 67ಬಿ ಪ್ರಕಾರ ಹಂಚುವುದೇ ಅಪರಾಧ. 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ. ಫೋಟೊ ಫೋನಿನಲ್ಲೇ ಉಳಿಯುತ್ತದೆ, ಅದರ ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ, ಅದನ್ನಿಟ್ಟುಕೊಂಡು ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥವು ಹುಡುಕಿ ತೆಗೆಯುತ್ತವೆ.

ಸ್ಟೇಷನ್ ಅಂದರೆ ಭಯ ಬೇಡ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯಡಿ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಆಗ ಪೊಲೀಸರು ಯೂನಿಫಾರ್ಮ್‌ನಲ್ಲಿ ಇರುವಂತಿಲ್ಲ. ಕೋರ್ಟ್ ಅನುಮತಿ ಇಲ್ಲದೆ ಪತ್ರಿಕೆಯವರು ಮಗುವಿನ ಹೆಸರು, ಶಾಲೆ, ವಿಳಾಸ ಹಾಕುವಂತಿಲ್ಲ. ಇದನ್ನು ನಿಮ್ಮ ಮಗಳಿಗೆ ಈಗಲೇ ಹೇಳಿಡಿ.