ಒಬ್ಬಳೇ ಕಾರು ಓಡಿಸಿಕೊಂಡು ದೇಶದ ಇನ್ನೊಂದು ತುದಿಯ ಅಕ್ಕನ ಮನೆಗೆ: ದಿನಗಳನ್ನು ಹೇಗೆ ಹಂಚಿಕೊಳ್ಳಲಿ?

ಪ್ರಶ್ನೆ (ಕೇಳಿದವರು: ಹೊಸದಾರಿ)

ನಾನಿರುವುದು ದೇಶದ ಒಂದು ತುದಿಯಲ್ಲಿ, ಅಕ್ಕ ಇರುವುದು ಹೆಚ್ಚುಕಡಿಮೆ ಇನ್ನೊಂದು ತುದಿಯಲ್ಲಿ. ನಡುವೆ 2,300 ಕಿಲೋಮೀಟರ್ ದಾರಿಯಿದೆ. ಕಳೆದ ವರ್ಷದಿಂದ ಅಪ್ಪನೂ ಅಕ್ಕನ ಜೊತೆಗೇ ಇದ್ದಾರೆ. ಇಷ್ಟು ದಿನ ವಿಮಾನದಲ್ಲಿ ಹೋಗಿ, ಎರಡು ದಿನ ಇದ್ದು, ಕೂತ ಜಾಗ ಬಿಸಿಯಾಗುವ ಮೊದಲೇ ಹೊರಟು ಬರುತ್ತಿದ್ದೆ. ಈ ಸಲ 14 ದಿನ ರಜೆ ಸಿಕ್ಕಿರುವುದರಿಂದ ಕಾರಿನಲ್ಲಿ ಒಬ್ಬಳೇ ಹೋಗಬೇಕೆಂದು ತೀರ್ಮಾನಿಸಿದ್ದೇನೆ.

ನನ್ನ ಯೋಜನೆ ಹೀಗಿದೆ. ಚಿಕ್ಕಪ್ಪನ ಮನೆ ಸರಿಯಾಗಿ ಅರ್ಧ ದಾರಿಯಲ್ಲಿದೆ. ಮೊದಲ ದಿನ ಬೆಳಗಿನ ಜಾವ 4ಕ್ಕೆ ಹೊರಟು ರಾತ್ರಿಯೊಳಗೆ ಅಲ್ಲಿಗೆ ತಲುಪುವುದು, ಮಲಗಿ ಎದ್ದು ಮರುದಿನ ಮತ್ತೆ 4ಕ್ಕೆ ಹೊರಟು ರಾತ್ರಿಯ ಹೊತ್ತಿಗೆ ಅಕ್ಕನ ಮನೆ ಸೇರುವುದು. ಮೊಬೈಲಿನ ನಕ್ಷೆ ಒಂದೊಂದು ದಿನದ ದಾರಿಗೆ 14 ಗಂಟೆ ತೋರಿಸುತ್ತಿದೆ. ನಾನು ಬರುತ್ತೇನೆಂದು ಅಕ್ಕ ಎರಡನೆಯ ದಿನ ರಾತ್ರಿ 8ಕ್ಕೆ ಬಂಧುಗಳನ್ನೆಲ್ಲ ಊಟಕ್ಕೆ ಕರೆದೂ ಆಗಿದೆ. ಇದುವರೆಗೆ ನಾನು ಒಂದೇ ದಿನದಲ್ಲಿ ಓಡಿಸಿರುವ ಅತಿ ಹೆಚ್ಚಿನ ದೂರ 450 ಕಿಲೋಮೀಟರ್, ಅದೂ ಪಕ್ಕದಲ್ಲಿ ಮಾತಿಗೆ ಜನರಿದ್ದಾಗ. ಈ ಯೋಜನೆ ನಡೆಯುತ್ತದೆಯೇ? ಆರು ವರ್ಷ ಹಳೆಯ ಕಾರಿನಲ್ಲಿ ಏನೇನು ನೋಡಿಕೊಳ್ಳಬೇಕು? ಅಪ್ಪನಿಗೆ ವಿಷಯ ಹೇಳಿದಾಗಿನಿಂದ ಅವರಿಗೆ ನಿದ್ದೆಯಿಲ್ಲ. ಅವರನ್ನು ಹೇಗೆ ಸಮಾಧಾನಪಡಿಸಲಿ?

ಉತ್ತರ (ದೂರದ ಚಾಲಕ)

ಇಂತಹ ಪ್ರಯಾಣಗಳನ್ನು ಒಬ್ಬನೇ ಹಲವು ಸಲ ಮಾಡಿರುವುದರಿಂದ ನೇರವಾಗಿ ಹೇಳುತ್ತೇನೆ: ಈ ಯೋಜನೆ ನಡೆಯುವುದಿಲ್ಲ. ನೀವು ಒಬ್ಬರೇ ಹೋಗುತ್ತಿರುವುದಕ್ಕೆ ಈ ಮಾತು ಹೇಳುತ್ತಿಲ್ಲ, ರಾತ್ರಿ 8ರ ಆ ಊಟಕ್ಕಾಗಿ ಹೇಳುತ್ತಿದ್ದೇನೆ.

ನಕ್ಷೆ ತೋರಿಸುವ 14 ಗಂಟೆ ಕಾರಿನ ಲೆಕ್ಕವೇ ಹೊರತು ಮನುಷ್ಯರ ಲೆಕ್ಕವಲ್ಲ. ಇಂಧನ, ಊಟ, ಶೌಚ, ದಾರಿ ತಪ್ಪುವುದು, ಸೊಂಟ ಹಿಡಿದು ಹತ್ತು ನಿಮಿಷ ಅಡ್ಡಾಡುವುದು, ಇವೆಲ್ಲ ಸೇರಿದರೆ ಅದಕ್ಕೆ ಕಾಲು ಭಾಗವಾದರೂ ಕೂಡಿಕೊಳ್ಳುತ್ತದೆ. ಬೆಳಿಗ್ಗೆ 4ಕ್ಕೆ ಹೊರಡಬೇಕೆಂದರೆ ನೀವು 3ಕ್ಕೆ ಏಳಬೇಕು. ಅಲ್ಲಿಗೆ ರಾತ್ರಿ 8ಕ್ಕೆ ನೀವು ಎದ್ದು 17 ಗಂಟೆಯಾಗಿರುತ್ತದೆ, ದಾರಿ ಇನ್ನೂ ಉಳಿದಿರುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕು ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆ ಎಂಬುದನ್ನು 1997ರಷ್ಟು ಹಿಂದೆಯೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಕುಡಿದು ಓಡಿಸುವುದನ್ನು ಯೋಚಿಸಲೂ ಆಗದ ನಾವು ಇದನ್ನು ಮಾತ್ರ ಸಾಹಸವೆಂದು ಹೇಳಿಕೊಳ್ಳುತ್ತೇವೆ.

ಯುರೋಪಿನ ಒಕ್ಕೂಟದಲ್ಲಿ ಲಾರಿ, ಬಸ್ಸುಗಳನ್ನು ಓಡಿಸುವುದೇ ಕಸುಬಾಗಿರುವವರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು. ದಿನಕ್ಕೆ 9 ಗಂಟೆ ಮಿತಿ, ಅದನ್ನು ವಾರಕ್ಕೆ ಎರಡು ಸಲ ಮಾತ್ರ 10ಕ್ಕೆ ಏರಿಸಬಹುದು. ಪಳಗಿದವರಿಗೇ ಇಷ್ಟಾದರೆ ನಮ್ಮ ಪಾಡೇನು? ನಿಮ್ಮ 2,300 ಕಿಲೋಮೀಟರನ್ನು ನಾಲ್ಕರಿಂದ ಭಾಗಿಸಿದರೆ ದಿನಕ್ಕೆ 575 ಆಗುತ್ತದೆ, ಅಂದರೆ ನಕ್ಷೆಯ ಲೆಕ್ಕದಲ್ಲಿ 7 ಗಂಟೆ, ನಿಜದಲ್ಲಿ 9. ಎಂದಿನ ಹೊತ್ತಿಗೆ ಎದ್ದು ಹೊರಟರೂ ಬೆಳಕಿರುವಾಗಲೇ ವಸತಿ ಸೇರಬಹುದು. ದಣಿವು ಒಂದು ದಿನದಿಂದ ಇನ್ನೊಂದು ದಿನಕ್ಕೆ ಸಾಲದ ಹಾಗೆ ಬೆಳೆಯುವುದರಿಂದ ಮೊದಲ ದಿನದ ಉತ್ಸಾಹವನ್ನು ನೋಡಿ ಮೂರನೆಯ ದಿನದ ದೂರವನ್ನು ನಿಗದಿ ಮಾಡಬೇಡಿ.

ಇನ್ನು ಚಿಕ್ಕಪ್ಪನ ಮನೆಯ ವಿಷಯ. ಬಂಧುಗಳ ಮನೆಯಲ್ಲಿ ತಂಗಿದರೆ ವಿಶ್ರಾಂತಿ ಸಿಗುತ್ತದೆ ಎಂದು ನಾನೂ ನಂಬಿದ್ದೆ. ಒಮ್ಮೆ ಹಾಗೆ ತಂಗಿದಾಗ ಊಟ ಮುಗಿದು, ಹಳೆಯ ಫೋಟೋಗಳು ಹೊರಗೆ ಬಂದು, ಮಾತು ನಿಂತಾಗ ರಾತ್ರಿ ಒಂದೂವರೆ ಆಗಿತ್ತು. ಮಾತು ಕೊಟ್ಟಿದ್ದೇನೆಂದು ಐದೂವರೆಗೆ ಹೊರಟೆ. ಹತ್ತು ಗಂಟೆಯ ಸುಮಾರಿಗೆ, ಹಗಲು ಬೆಳಕಿನಲ್ಲಿ, ನೆಟ್ಟಗಿನ ಖಾಲಿ ಹೆದ್ದಾರಿಯಲ್ಲಿ ಇದ್ದಕ್ಕಿದ್ದಂತೆ ಗರಗರ ಸದ್ದಾಗಿ ಸ್ಟೇರಿಂಗ್ ಅದುರಿತು. ಚಾಲಕರನ್ನು ಎಚ್ಚರಿಸಲೆಂದು ರಸ್ತೆಯ ಅಂಚಿನಲ್ಲಿ ಮಾಡಿರುವ ಗೀರುಪಟ್ಟಿಯ ಮೇಲೆ ಕಾರು ಹೋಗಿತ್ತು. ಪಕ್ಕದ ಸೀಟಿನಲ್ಲಿದ್ದ ನೀರಿನ ಬಾಟಲಿ ಉರುಳಿ ಕೆಳಗೆ ಬಿದ್ದಿತ್ತು; ಅದು ಬಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಕಣ್ಣು ಮುಚ್ಚಿದ ನೆನಪೂ ಇಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರ್ ಕ್ರಮಿಸುತ್ತದೆ. ನಾಲ್ಕು ಸೆಕೆಂಡಿನ ಜೊಂಪೆಂದರೆ ನೂರು ಮೀಟರಿಗೂ ಹೆಚ್ಚು ದೂರ ಕಾರನ್ನು ಯಾರೂ ಓಡಿಸುತ್ತಿರಲಿಲ್ಲ ಎಂದರ್ಥ.

ಆದ್ದರಿಂದ ಚಿಕ್ಕಪ್ಪನ ಮನೆಗೆ ಹೋಗುವುದಾದರೆ ಎರಡು ರಾತ್ರಿ ಇರಿ, ನಡುವಿನ ಹಗಲು ಕಾರಿನ ಬೀಗದ ಕೈ ಮುಟ್ಟಬೇಡಿ. ಅದು ಸಾಧ್ಯವಿಲ್ಲವೆಂದರೆ ಹೋಗುವಾಗ ಬೇಡ, ಬರುವಾಗ ಇಟ್ಟುಕೊಳ್ಳಿ. ಅಕ್ಕನಿಗೆ ಇಂದೇ ಫೋನು ಮಾಡಿ ಊಟವನ್ನು ಮುಂದೂಡಿಸಿ. ನಾಲ್ಕನೆಯ ದಿನ ಸೇರುವ ಅಂದಾಜಿದ್ದರೂ ಐದನೆಯ ದಿನ ಎಂದು ಹೇಳಿ, ಗಂಟೆಯನ್ನಂತೂ ಹೇಳಲೇಬೇಡಿ.

ಉತ್ತರ (ನಾಲ್ಕುಚಕ್ರ)

ಇಷ್ಟೊಂದು ಹೆದರಿಸುವ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ. ನಾನು ದಿನಕ್ಕೆ 1,000 ಕಿಲೋಮೀಟರ್ ಹಲವು ಬಾರಿ ಓಡಿಸಿದ್ದೇನೆ. ನಿದ್ದೆ ಬಂದಂತಾದರೆ ಕಿಟಕಿ ಇಳಿಸಿ, ಹಾಡು ಜೋರಾಗಿ ಹಾಕಿಕೊಂಡರೆ ಸಾಕಾಗುತ್ತದೆ.

ಉತ್ತರ (ದೂರದ ಚಾಲಕ)

ಕಿಟಕಿಯ ಗಾಳಿ ಮತ್ತು ರೇಡಿಯೋ ಇವೆರಡನ್ನೂ ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ನಿದ್ರಾ ಸಂಶೋಧಕರು 1990ರ ದಶಕದಲ್ಲಿಯೇ ಚಾಲನೆಯ ಸಿಮ್ಯುಲೇಟರಿನಲ್ಲಿ ಪರೀಕ್ಷಿಸಿದ್ದಾರೆ. ಅವುಗಳ ಪರಿಣಾಮ ಅಲ್ಪ, ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಅದೇ ತಂಡದ ಪ್ರಯೋಗಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಕಾಫಿ ಮತ್ತು 15 ನಿಮಿಷದ ನಿದ್ದೆಯ ಜೋಡಿ. ಸುರಕ್ಷಿತವಾದ ಜಾಗದಲ್ಲಿ ಕಾರು ನಿಲ್ಲಿಸಿ, ಮೊದಲು ಕಾಫಿ ಕುಡಿದು, ಕೂಡಲೇ ಸೀಟು ಒರಗಿಸಿ ಕಣ್ಣು ಮುಚ್ಚಬೇಕು. ಕಾಫಿ ಮೈಗೆ ಹತ್ತಲು ಅರ್ಧ ಗಂಟೆಯ ಸುಮಾರು ಬೇಕಾಗುವುದರಿಂದ ಅದು ನಿದ್ದೆಗೆ ಅಡ್ಡಬರುವುದಿಲ್ಲ; ಎಚ್ಚರಾಗುವ ಹೊತ್ತಿಗೆ ಕೆಲಸ ಆರಂಭಿಸಿರುತ್ತದೆ. ಅಲಾರಂ 20 ನಿಮಿಷಕ್ಕೆ ಇಟ್ಟರೆ ಸಾಕು. ಅದಕ್ಕಿಂತ ಹೆಚ್ಚು ಮಲಗಿದರೆ ಎದ್ದ ಮೇಲೂ ಮಂಪರು ಬಿಡುವುದಿಲ್ಲ. ಮಧ್ಯಾಹ್ನ 2ರಿಂದ 4ರವರೆಗೆ ಯಾರ ಮೈಯಾದರೂ ಸಹಜವಾಗಿಯೇ ಜಡವಾಗುತ್ತದೆ, ಬೆಳಗಿನ ಜಾವದಲ್ಲಿ ಇನ್ನೂ ಹೆಚ್ಚು. ಹಾಗಾಗಿ ಈ ನಿಲುಗಡೆಯನ್ನು ನಿದ್ದೆ ಬಂದಾಗ ನೋಡೋಣವೆಂದು ಬಿಡದೆ ಮೊದಲೇ ಮಧ್ಯಾಹ್ನಕ್ಕೆ ಗೊತ್ತುಮಾಡಿಟ್ಟುಕೊಳ್ಳುವುದು ಮೇಲು.

ದಿನಕ್ಕೆ 1,000 ಓಡಿಸಿ ಏನೂ ಆಗಲಿಲ್ಲವೆಂದು ನೀವು ಹೇಳುತ್ತಿರುವುದು ನಿಜವೇ ಇರಬಹುದು. ಆ ಬೆಳಿಗ್ಗೆ ಹತ್ತು ಗಂಟೆಯವರೆಗೆ ನಾನೂ ಅದನ್ನೇ ಹೇಳುತ್ತಿದ್ದೆ.

ಉತ್ತರ (ಗ್ಯಾರೇಜಿನವ)

ಕಾರಿನ ಬಗ್ಗೆ ಯಾರೂ ಹೇಳಿಲ್ಲದ ಕಾರಣ ನಾನು ಹೇಳುತ್ತೇನೆ. ಸರ್ವಿಸನ್ನು ಹೊರಡುವ ಹಿಂದಿನ ದಿನ ಮಾಡಿಸಬೇಡಿ. ಎರಡು ವಾರ ಮೊದಲೇ ಮಾಡಿಸಿ, ಆಮೇಲೆ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿ. ಸಡಿಲವಾಗಿ ಉಳಿದ ಒಂದು ಕ್ಲಿಪ್ಪೋ ಸರಿಯಾಗಿ ಕೂರದ ಒಂದು ಪೈಪೋ ಇದ್ದರೆ ಅದು ಮನೆಯ ಹತ್ತಿರವೇ ತಿಳಿಯಲಿ.

ಆರು ವರ್ಷದ ಕಾರೆಂದರೆ ಟೈರುಗಳು ಮೂಲದವೇ ಆಗಿರಬಹುದು. ಟೈರಿನ ಪಕ್ಕದಲ್ಲಿ DOT ಎಂಬ ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುವ ಸಾಲನ್ನು ಹುಡುಕಿ. ಅದರ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ 23ನೆಯ ವಾರ. ಟೈರಿನ ಮೇಲ್ಮೈಯ ಗೀರುಗಳಿಗೆ ಹಲವು ದೇಶಗಳ ಕಾನೂನು ಒಪ್ಪುವ ಕನಿಷ್ಠ ಆಳ 1.6 ಮಿಲಿಮೀಟರ್, ಆದರೆ ಮಳೆಯಲ್ಲಿ ಅಷ್ಟನ್ನೇ ನಂಬಿ ಹೋಗುವುದನ್ನು ನಾನು ಒಪ್ಪುವುದಿಲ್ಲ. ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗ ನೋಡಬೇಕು. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಸ್ಟೆಪ್ನಿಯನ್ನು ಮರೆಯಬೇಡಿ; ವರ್ಷಗಟ್ಟಲೆ ಯಾರೂ ಮುಟ್ಟದ ಆ ಟೈರಿನಲ್ಲಿ ಬೇಕಾದ ದಿನ ಗಾಳಿಯಿರುವುದಿಲ್ಲ.

ಒಬ್ಬರೇ ಹೋಗುವವರಿಗೆ ಇನ್ನೊಂದು ವಿಷಯ ಮುಖ್ಯ. ಅಂಗಡಿಗಳಲ್ಲಿ ಚಕ್ರದ ನಟ್ಟುಗಳನ್ನು ಗಾಳಿಯ ಗನ್ನಿನಿಂದ ಬಿಗಿಯುತ್ತಾರೆ. ಕಾರಿನೊಂದಿಗೆ ಬಂದ ಗಿಡ್ಡ ಸ್ಪ್ಯಾನರಿನಿಂದ ಅವು ಜಪ್ಪಯ್ಯ ಎಂದರೂ ಬರುವುದಿಲ್ಲ. ಹೊರಡುವ ಮೊದಲು ಮನೆಯ ಮುಂದೆಯೇ ಪ್ರತಿಯೊಂದು ನಟ್ಟನ್ನೂ ಸ್ವಲ್ಪ ಸಡಿಲಿಸಿ ಮತ್ತೆ ಬಿಗಿದು ನೋಡಿ. ಬರದಿದ್ದರೆ ಉದ್ದ ಹಿಡಿಯ ಸ್ಪ್ಯಾನರನ್ನು ಕೊಂಡುಕೊಳ್ಳಿ. ಕಳ್ಳತನ ತಡೆಯುವ ಲಾಕ್ ನಟ್ಟಿದ್ದರೆ ಅದರ ಕೀಲಿ ಕಾರಿನಲ್ಲಿದೆಯೇ ಎಂಬುದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಬ್ಯಾಟರಿ, ಬ್ರೇಕ್, ಕೂಲಂಟ್, ವೈಪರುಗಳನ್ನು ಗ್ಯಾರೇಜಿನವರು ನೋಡುತ್ತಾರೆ; ಎಂಜಿನ್ ಬಿಸಿಯಾದಾಗ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ನೀವು ತೆರೆಯಕೂಡದು.

ಅಪ್ಪನಿಗೆ, ಅಕ್ಕನ ಮಕ್ಕಳಿಗೆಂದು ಒಯ್ಯುವ ಭಾರವಾದ ವಸ್ತುಗಳನ್ನು ಹಿಂದಿನ ಸೀಟಿನ ಮೇಲೆ ಬಿಡಿಯಾಗಿ ಇಡಬೇಡಿ. ಬ್ರೇಕ್ ಒತ್ತಿದಾಗ ಅವು ನಿಲ್ಲುವುದಿಲ್ಲ, ನಿಮ್ಮ ತಲೆಯ ಕಡೆಗೆ ಬರುತ್ತವೆ.

ಉತ್ತರ (ಹಿರಿಯಕ್ಕ)

ಮಗಳೊಬ್ಬಳು ಹೀಗೆಯೇ ಒಬ್ಬಳೇ ಕಾರಿನಲ್ಲಿ ಬರುವಾಗ ಮನೆಯಲ್ಲಿ ಕುಳಿತು ಕಾದವಳು ನಾನು. ನಿಮ್ಮ ತಂದೆಯವರ ಪರವಾಗಿ ಎರಡು ಮಾತು ಹೇಳುತ್ತೇನೆ.

ಮೊದಲ ಸಲ ಅವಳು ತಾನಿರುವ ಜಾಗ ಮೊಬೈಲಿನಲ್ಲಿ ನಮಗೆ ಸದಾ ಕಾಣುವಂತೆ ಮಾಡಿಟ್ಟು ಹೊರಟಿದ್ದಳು. ಅದರಿಂದ ನೆಮ್ಮದಿ ಬರುತ್ತದೆಂದು ಅವಳೂ ಎಣಿಸಿದ್ದಳು, ನಾವೂ ಎಣಿಸಿದ್ದೆವು. ಮಧ್ಯಾಹ್ನ ಆ ನೀಲಿ ಚುಕ್ಕೆ ಹೆದ್ದಾರಿಯ ನಡುವೆ ಒಂದೇ ಕಡೆ ನಿಂತುಬಿಟ್ಟಿತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ನಮ್ಮ ಮನೆಯವರು ಹನ್ನೊಂದು ಸಲ ಫೋನು ಮಾಡಿದರು. ಅಲ್ಲಿ ನೆಟ್‌ವರ್ಕ್ ಇಲ್ಲದೆ ಚುಕ್ಕೆ ಹಿಂದೆಯೇ ಉಳಿದಿತ್ತು, ಅವಳು ಮುಂದೆ ಓಡಿಸುತ್ತಲೇ ಇದ್ದಳು. ನೆಟ್‌ವರ್ಕ್ ಬಂದ ಕೂಡಲೇ ಹನ್ನೊಂದು ತಪ್ಪಿದ ಕರೆಗಳು ಒಟ್ಟಿಗೆ ಕಂಡಾಗ ಅಪ್ಪನಿಗೆ ಏನಾಯಿತೋ ಎಂದು ಅವಳು ಗಾಬರಿಯಲ್ಲಿ ಕಾರು ಓಡಿಸುತ್ತಲೇ ಫೋನಿಗೆ ಕೈಹಾಕಿದ್ದಳಂತೆ. ನಮ್ಮ ಕಾಳಜಿಯೇ ಅವಳಿಗೆ ಅಪಾಯ ತರುವುದರಲ್ಲಿತ್ತು.

ಆಮೇಲೆ ನಾವು ಮಾಡಿಕೊಂಡ ಒಪ್ಪಂದ ಇಷ್ಟೇ: ಅವಳು ಹೊರಟಾಗ, ಮಧ್ಯಾಹ್ನ ನಿಲ್ಲಿಸಿದಾಗ, ರಾತ್ರಿ ವಸತಿ ಸೇರಿದಾಗ ಸಂದೇಶ ಕಳುಹಿಸುತ್ತಾಳೆ. ಓಡಿಸುವಾಗ ನಾವು ಫೋನು ಮಾಡುವುದಿಲ್ಲ. ಅವಳ ದಾರಿ ಮತ್ತು ವಸತಿಯ ವಿವರ ಒಂದು ಹಾಳೆಯಲ್ಲಿ ನಮ್ಮ ಬಳಿ ಇರುತ್ತದೆ. ರಾತ್ರಿ ಒಂಬತ್ತಾದರೂ ಸುದ್ದಿ ಬರದಿದ್ದರೆ ಮೊದಲು ವಸತಿಗೆ ಫೋನು ಮಾಡುತ್ತೇವೆ. ಕಾಯುವವರಿಗೆ ಎಷ್ಟು ಹೊತ್ತಿನವರೆಗೆ ಗಾಬರಿಪಡಬಾರದು ಎಂಬುದು ಗೊತ್ತಿದ್ದರೆ ಉಸಿರಾಡುವುದು ಸುಲಭವಾಗುತ್ತದೆ.

ಪ್ರಾಸಂಗಿಕವಾಗಿ ಒಂದು ಹಳೆಯ ಕಥೆ. ಕಾರಿನಲ್ಲಿ ನಡೆದ ಮೊದಲ ದೂರ ಪ್ರಯಾಣ ಎಂದು ಎಲ್ಲರೂ ಹೇಳುವುದು 1888ರ ಆಗಸ್ಟಿನಲ್ಲಿ ಜರ್ಮನಿಯಲ್ಲಿ ಬರ್ತಾ ಬೆನ್ಜ್ ಮಾಡಿದ್ದನ್ನು. ಆಕೆ ಮಾನ್‌ಹೈಮಿನಿಂದ ನೂರು ಕಿಲೋಮೀಟರಿಗೂ ತುಸು ದೂರದ ಫೋರ್ಟ್ಸ್‌ಹೈಮಿಗೆ ಹೊರಟದ್ದು ತವರಿಗೆ, ತಾಯಿಯನ್ನು ನೋಡಲು. ಜೊತೆಗೆ ಇಬ್ಬರು ಗಂಡುಮಕ್ಕಳಿದ್ದರು. ಆ ಕಾರನ್ನು ರೂಪಿಸಿದ ಗಂಡ ಕಾರ್ಲ್ ಬೆನ್ಜ್‌ಗೆ ಮಾತ್ರ ಮುಂಚಿತವಾಗಿ ಹೇಳಿರಲಿಲ್ಲ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೊಪ್ಪಿಗೆಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು, ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು, ಸವೆದ ಬ್ರೇಕಿಗೆ ಚಮ್ಮಾರರಿಂದ ತೊಗಲು ಹೊಡೆಸಿದಳು. ಸಂಜೆ ತಲುಪಿದ ಮೇಲೆ ಗಂಡನಿಗೆ ತಂತಿ ಕಳುಹಿಸಿದಳು. ಹೇಳದೆ ಹೊರಡುವುದನ್ನು ನೀವು ಅನುಕರಿಸಬೇಕಾಗಿಲ್ಲ; ತಲುಪಿದ ಮೇಲೆ ಸುದ್ದಿ ಮುಟ್ಟಿಸಿದ್ದನ್ನು ಅನುಕರಿಸಿ.

ಇನ್ನೊಂದು ವಿಷಯ. ಎಲ್ಲರೂ ಹೋಗುವುದರ ಬಗ್ಗೆಯೇ ಮಾತನಾಡುತ್ತಿದ್ದೀರಿ. ಬರುವಾಗ ಎದುರುನೋಡಲು ಅಕ್ಕನ ಮನೆಯಿರುವುದಿಲ್ಲ, ಕಚೇರಿಯಿರುತ್ತದೆ; ರಜೆ ಮುಗಿಯುತ್ತಿದೆಯೆಂಬ ಅವಸರವೂ ಸೇರಿಕೊಳ್ಳುತ್ತದೆ. ರಜೆಯ ಕೊನೆಯ ಒಂದು ದಿನವನ್ನು ಖಾಲಿ ಬಿಟ್ಟುಕೊಳ್ಳಿ.

ಮರುಮಾತು (ಹೊಸದಾರಿ)

ಎಲ್ಲರಿಗೂ ಕೃತಜ್ಞತೆಗಳು. ಯೋಜನೆಯನ್ನು ಪೂರ್ತಿ ಬದಲಿಸಿದ್ದೇನೆ. ಹೋಗಲು ನಾಲ್ಕು ದಿನ, ಅಕ್ಕನ ಮನೆಯಲ್ಲಿ ನಾಲ್ಕು ದಿನ. ಬರುವಾಗ ಎರಡು ದಿನ ಓಡಿಸಿ ಚಿಕ್ಕಪ್ಪನ ಮನೆಯಲ್ಲಿ ಎರಡು ರಾತ್ರಿ, ಮತ್ತೆರಡು ದಿನದ ದಾರಿ, ಕೊನೆಗೆ ಒಂದು ಖಾಲಿ ದಿನ. ಹದಿನಾಲ್ಕಕ್ಕೆ ಸರಿಹೋಯಿತು. ಹೋಗುವಾಗ ಅವರ ಮನೆ ದಾಟಿಕೊಂಡೇ ಹೋಗುತ್ತೇನೆಂದಾಗ ಚಿಕ್ಕಪ್ಪ ಒಂದು ಗಳಿಗೆ ಮೌನವಾದರು. ಬರುವಾಗ ಎರಡು ರಾತ್ರಿ ಇರುತ್ತೇನೆಂದ ಮೇಲೆ ಸರಿಹೋದರು. ಅಕ್ಕ ಊಟವನ್ನು ಆರನೆಯ ದಿನಕ್ಕೆ ಹಾಕಿದ್ದಾಳೆ, ಸ್ವಲ್ಪ ಗೊಣಗಿದಳು. ಮೂರು ಸಂದೇಶಗಳ ಒಪ್ಪಂದವನ್ನು ಅಪ್ಪ ಒಪ್ಪಿದರು. ಆದರೆ ಒಂಬತ್ತು ಗಂಟೆಯ ಗಡುವನ್ನು ಚೌಕಾಸಿ ಮಾಡಿ ಎಂಟಕ್ಕೆ ಇಳಿಸಿದ್ದಾರೆ.

ಗ್ಯಾರೇಜಿನವರು ಹೇಳಿದಂತೆ ಇಂದು ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಕುಳಿತೆ. ಸ್ಟೆಪ್ನಿಯಲ್ಲಿ ಗಾಳಿ ಇರಬೇಕಾದುದರ ಅರ್ಧದಷ್ಟೂ ಇರಲಿಲ್ಲ. ಮುಂದಿನ ಎಡ ಚಕ್ರದಲ್ಲಿ ಮೂರು ನಟ್ಟುಗಳು ಬಂದವು. ನಾಲ್ಕನೆಯದರ ಮೇಲೆ ನಿಂತು ತುಳಿದರೂ ಅದು ಅಲುಗಲಿಲ್ಲ. ನಾಳೆ ಉದ್ದ ಹಿಡಿಯ ಸ್ಪ್ಯಾನರ್ ತರುತ್ತೇನೆ.