ಶೋಪಾನ್ ಊರಿಗೆ ಹೊರಟಿದ್ದೇನೆ, ಹೋಗಿ ಬಂದವರು ಸ್ವಲ್ಪ ಹೇಳಿ

ಪ್ರಶ್ನೆ: ಮೈಸೂರಿನಲ್ಲಿ ಪಿಯಾನೋ ಕಲಿಯುತ್ತಿದ್ದೇನೆ, ವಯಸ್ಸು 18. ಅಣ್ಣನಿಗೆ ಪೋಲೆಂಡಿನ ವಾರ್ಸಾದಲ್ಲಿ ಕೆಲಸ. ಮೇ ಕೊನೆಯಲ್ಲಿ ಒಂದು ವಾರ ಅವನ ಮನೆಯಲ್ಲಿರುತ್ತೇನೆ. ಪಿಯಾನೋ ಸಂಗೀತ ಬರೆದ ಶೋಪಾನ್ ಅಂದ್ರೆ ನನಗೆ ಪ್ರಾಣ. ಯಾವುದನ್ನು ಬಿಡಬಾರದು? ಹುಟ್ಟಿದ ಮನೆಗೂ ಹೋಗಬೇಕಾ?

ಉತ್ತರ 1: ಮೊದಲು ಭಾನುವಾರವನ್ನು ಖಾಲಿ ಇಟ್ಟುಕೊಳ್ಳಿ. ವಾಝ್ಯೆಂಕಿ ಪಾರ್ಕಿನಲ್ಲಿ ಶೋಪಾನ್ ಪ್ರತಿಮೆ ಇದೆ, ಗಾಳಿಗೆ ಬಾಗಿದ ಮರದ ಕೆಳಗೆ ಕೂತ ಹಾಗೆ. ಮೇ ಮಧ್ಯದಿಂದ ಸೆಪ್ಟೆಂಬರ್ ಕೊನೆವರೆಗೆ ಪ್ರತಿ ಭಾನುವಾರ ಮಧ್ಯಾಹ್ನ 12ಕ್ಕೆ, ಮತ್ತೆ 4ಕ್ಕೆ ಅದರ ಬುಡದಲ್ಲೇ ಪಿಯಾನೋ ಕಛೇರಿ. ಟಿಕೆಟ್ ಇಲ್ಲ. 1959ರಿಂದ ನಡೆದುಕೊಂಡು ಬಂದಿದೆ. ಜನ ಹುಲ್ಲಿನ ಮೇಲೆ ಬಟ್ಟೆ ಹಾಸಿಕೊಂಡು ಕೂರುತ್ತಾರೆ, ಕೆಲವರು ಮಲಗಿಕೊಂಡೇ ಕೇಳುತ್ತಾರೆ. ಬೆಂಚು ಬೇಕಂದ್ರೆ ಬೇಗ ಹೋಗಿ. ಯುದ್ಧದ ಕಾಲದಲ್ಲಿ, 1940ರಲ್ಲಿ, ಜರ್ಮನ್ನರು ಆ ಪ್ರತಿಮೆಯನ್ನು ಒಡೆದು ಹಾಕಿದ್ದರು. ಈಗ ಇರುವುದು 1958ರಲ್ಲಿ ಮತ್ತೆ ನಿಲ್ಲಿಸಿದ್ದು. ಇದು ತಿಳಿದಿದ್ದರೆ ಅಲ್ಲಿ ಕೂತು ಕೇಳುವ ಪೊಲೊನೇಸ್‌ಗೆ (ಪೋಲಿಷ್ ಕುಣಿತದ ಧಾಟಿಯ ರಚನೆ) ತೂಕ ಜಾಸ್ತಿ.

ಉತ್ತರ 2: ಪುಟ್ಟಾ, ನಾನು ಪಿಯಾನೋ ಹೇಳಿಕೊಡುವವಳು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ನಿನ್ನ ವಯಸ್ಸಿನವರಿಗೆ ಈ ಊರು ಬೇರೆಯೇ ಥರ ತಟ್ಟುತ್ತದೆ. ಶೋಪಾನ್ ಇಲ್ಲಿದ್ದದ್ದು ಕೂಸಾಗಿದ್ದಾಗಿನಿಂದ 20 ವರ್ಷದವರೆಗೆ ಮಾತ್ರ. 1830ರ ನವೆಂಬರಿನಲ್ಲಿ ಹೊರಟವನು ತಿರುಗಿ ಬರಲೇ ಇಲ್ಲ. ಎರಡೂ ಪಿಯಾನೋ ಕನ್ಚರ್ಟೋಗಳನ್ನು (ವಾದ್ಯವೃಂದದ ಜೊತೆ ನುಡಿಸುವ ದೊಡ್ಡ ರಚನೆ) ಅಷ್ಟರಲ್ಲೇ ಬರೆದು, ಅದೇ ಊರಿನಲ್ಲಿ ನುಡಿಸಿಯೂ ಆಗಿತ್ತು! ಹಾಗಾಗಿ ಕ್ರಾಕೋವ್‌ಸ್ಕಿಯೆ ಪ್ಷೆಡ್‌ಮ್ಯೆಶ್ಚ್ಯೆ ಅನ್ನುವ ಬೀದಿಯನ್ನು ನಡೆದೇ ನೋಡು. ಎಂಟು ತುಂಬುವ ಮೊದಲೇ ಅವನು ಸಾರ್ವಜನಿಕವಾಗಿ ನುಡಿಸಿದ ಅರಮನೆ ಅಲ್ಲೇ ಇದೆ, ಈಗ ಅದು ರಾಷ್ಟ್ರಪತಿ ಭವನ. ಸ್ಕೂಲಿನ ಪ್ರಾರ್ಥನೆಗೆ ಆರ್ಗನ್ ನುಡಿಸುತ್ತಿದ್ದ ವಿಸಿಟೇಷನ್ ಚರ್ಚು, ಅಪ್ಪ ಅಮ್ಮನ ಜೊತೆ ಇದ್ದ ಮನೆ, ಎಲ್ಲಾ ಅಕ್ಕಪಕ್ಕ. ದಾರಿಯಲ್ಲಿ ಕಪ್ಪು ಕಲ್ಲಿನ ಬೆಂಚುಗಳಿವೆ, ಗುಂಡಿ ಒತ್ತಿದರೆ ಶೋಪಾನ್ ಸಂಗೀತದ ಒಂದು ತುಣುಕು ಕೇಳಿಸುತ್ತದೆ.

ಹೋಲಿ ಕ್ರಾಸ್ ಚರ್ಚಿನ ಒಳಗೆ ಒಂದು ಕಂಬವಿದೆ. ಅದರೊಳಗೆ ಅವನ ಹೃದಯ ಇದೆ, ನಿಜವಾದದ್ದು. 1849ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಾಗ ದೇಹವನ್ನು ಅಲ್ಲೇ ಮಣ್ಣು ಮಾಡಿದರು, ಹೃದಯವನ್ನು ಮಾತ್ರ ಅಕ್ಕ ಲುಡ್‌ವಿಕಾ ಜಾಡಿಯಲ್ಲಿಟ್ಟುಕೊಂಡು ಊರಿಗೆ ತಂದಳು. ಪೂಜೆ ನಡೆಯುವಾಗ ಹೋಗಬೇಡ, ಮಿಕ್ಕ ಹೊತ್ತಲ್ಲಿ ಸುಮ್ನೆ ಕೂತಿರಬಹುದು.

ಶೋಪಾನ್ ಮ್ಯೂಸಿಯಂ ಓಸ್ಟ್ರೋಗ್‌ಸ್ಕಿ ಅರಮನೆಯಲ್ಲಿದೆ. ಎಲ್ಲಾ ಫಲಕ ಓದುತ್ತಾ ಸುಸ್ತಾಗಬೇಡ. ಅವನ ಕೊನೆಯ ಪಿಯಾನೋ, ಪ್ಲೆಯೆಲ್ ಕಂಪನಿಯದ್ದು, ಅದರ ಹತ್ತಿರ ಜಾಸ್ತಿ ಹೊತ್ತು ನಿಲ್ಲು. ಆ ಕಾಲದ ಪ್ಲೆಯೆಲ್‌ಗಳ ಕೀಲಿ ನಮ್ಮ ಈಗಿನ ಗ್ರ್ಯಾಂಡ್ ಪಿಯಾನೋಗಿಂತ ಹಗುರ, ನಾದವೂ ಮೆತ್ತಗೆ. ಅಂಥ ಹಳೇ ವಾದ್ಯದಲ್ಲಿ ನುಡಿಸಿದ ರೆಕಾರ್ಡಿಂಗ್ ಕೇಳಿಕೊಂಡು ಹೋಗು. ನಾವು ಫೋರ್ಟೆ (ಜೋರಾಗಿ) ಅಂತ ಗುದ್ದುವುದು ಎಷ್ಟು ಅತಿ ಅಂತ ಕಿವಿಗೇ ಗೊತ್ತಾಗುತ್ತದೆ.

ಉತ್ತರ 3: ಹುಟ್ಟಿದ ಮನೆ ಝೆಲಾಝೋವಾ ವೋಲಾದಲ್ಲಿದೆ, ಸುಮಾರು 50 ಕಿ.ಮೀ. ಸೊಹಾಚೆವ್‌ವರೆಗೆ ರೈಲು, ಅಲ್ಲಿಂದ ಬಸ್. ಬಸ್ ಹೊತ್ತು ನೋಡಿಕೊಂಡೇ ಹೊರಡಿ, ಇಲ್ಲಾಂದ್ರೆ ಕಾಯುವುದರಲ್ಲೇ ದಿನ ಹೋಗುತ್ತದೆ. ಮನೆ ಚಿಕ್ಕದು, ಸಾಮಾನೆಲ್ಲಾ ಶೋಪಾನ್ ಮನೆಯವರದ್ದಲ್ಲ, ಅವರು ಅಲ್ಲಿದ್ದದ್ದೂ ಕೆಲವೇ ತಿಂಗಳು. ತೋಟ ಮಾತ್ರ ತುಂಬಾ ಚೆನ್ನಾಗಿದೆ. ವಾರವಿಡೀ ಇರುತ್ತೀರಲ್ವಾ, ಹೋಗಿ ಬನ್ನಿ. ಎರಡೇ ದಿನ ಇದ್ದಿದ್ದರೆ ಬೇಡ ಅಂತಿದ್ದೆ.

ಉತ್ತರ 2: ಇನ್ನೊಂದು ಮರೆತೆ. ಮಜೂರ್ಕಾ (ಪೋಲಿಷ್ ಹಳ್ಳಿ ಕುಣಿತದಿಂದ ಬಂದ ರಚನೆ) ನುಡಿಸುತ್ತೀಯಾದರೆ ಅಲ್ಲಿ ಎಲ್ಲಾದರೂ ಹಳ್ಳಿ ಪಿಟೀಲಿನವರ ಕುಣಿತ ಇದ್ದರೆ ತಪ್ಪಿಸಬೇಡ. ಮೂರೇ ಎಣಿಕೆ, ಆದರೆ ಒತ್ತು ಎರಡಕ್ಕೋ ಮೂರಕ್ಕೋ ಬೀಳುತ್ತದೆ. ಕಾಲು ನೆಲಕ್ಕೆ ಬೀಳುವುದನ್ನು ನೋಡಿದರೆ ಥಟ್ಟನೆ ಹಿಡಿತ ಸಿಗುತ್ತದೆ. ಎಡಗೈ ತಾಳ ಬಿಡಬಾರದು, ಬಲಗೈ ಬೇಕಾದರೆ ಆಚೀಚೆ ಆಡಲಿ ಅಂತ ಶೋಪಾನೇ ಶಿಷ್ಯರಿಗೆ ಹೇಳುತ್ತಿದ್ದನಂತೆ. ಬರುವಾಗ ಯಾನ್ ಎಕಿಯೆರ್ ಸಂಪಾದಿಸಿದ, ಶೋಪಾನ್ ಕೃತಿಗಳ ನ್ಯಾಷನಲ್ ಎಡಿಷನ್ನಿನ ಮಜೂರ್ಕಾ ಸಂಪುಟ ಸಿಕ್ಕರೆ ತೊಗೊಂಡು ಬಾ. ಎಟೂಡ್‌ಗಳನ್ನು (ಅಭ್ಯಾಸದ ರಚನೆಗಳು) ಆಮೇಲೆ ತರಿಸಿಕೊಂಡರಾಯಿತು.