ಆಲ್ಜಿನೇಟ್ ಜೆಲ್‌ನೊಳಗಿನ ಲಿಪೊಸೋಮ್: ಎರಡೇ ಗಂಟೆಯಲ್ಲಿ ಅರ್ಧ ಔಷಧ ಹೊರಗೆ, ಏಕೆ?

ಪ್ರಶ್ನೆ
ಗಾಯದ ಮೇಲಿಡುವ ಜೆಲ್‌ಗಾಗಿ ಡಿಪಿಪಿಸಿ (ಒಂದು ಫಾಸ್ಫೊಲಿಪಿಡ್), ಕೊಲೆಸ್ಟರಾಲ್ (ಮೋಲ್ ಅನುಪಾತ 7:3) ಬಳಸಿ ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್ ತುಂಬಿದ ಲಿಪೊಸೋಮ್ (ಲಿಪಿಡ್ ಪೊರೆಯ ಸೂಕ್ಷ್ಮ ಚೀಲ) ಮಾಡಿದ್ದೇನೆ. ಗಾತ್ರ ಸುಮಾರು 100 ನ್ಯಾನೊಮೀಟರ್, ಬಫರ್ ಪಿಬಿಎಸ್ (ಫಾಸ್ಫೇಟ್ ಇರುವ ಉಪ್ಪುನೀರು). ನೀರಲ್ಲಿ ಕರಗಿಸಿದ 4% ಸೋಡಿಯಂ ಆಲ್ಜಿನೇಟನ್ನು (ಕಡಲಪಾಚಿಯಿಂದ ಬರುವ, ಕ್ಯಾಲ್ಸಿಯಂ ತಾಗಿದರೆ ಜೆಲ್ ಆಗುವ ವಸ್ತು) ಸಮ ಪ್ರಮಾಣದಲ್ಲಿ ಬೆರೆಸಿ, 100 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡಿಗೆ ಹನಿಸಿ ಜೆಲ್ ಮಣಿ ಮಾಡುತ್ತೇನೆ. 37 ಡಿಗ್ರಿಯ ಪಿಬಿಎಸ್‌ನಲ್ಲಿಟ್ಟರೆ ಎರಡು ಗಂಟೆಯೊಳಗೆ ಅರ್ಧ ಔಷಧ ಹೊರಬರುತ್ತದೆ, ಮರುದಿನ ಮಣಿಗಳೇ ಮೆತ್ತಗಾಗಿರುತ್ತವೆ. ಕೊಲೆಸ್ಟರಾಲ್ ಹೆಚ್ಚಿಸಿದರೆ ಸರಿಹೋದೀತೆ?

ಉತ್ತರ 1
ಸದ್ಯಕ್ಕೆ ಕೊಲೆಸ್ಟರಾಲ್ ಮುಟ್ಟಬೇಡಿ, ಮೊದಲು ಪಿಬಿಎಸ್ ಬಿಡಿ. ಅದರ ಫಾಸ್ಫೇಟ್, ಆಲ್ಜಿನೇಟ್ ಎಳೆಗಳನ್ನು ಬೆಸೆದಿಟ್ಟ ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳುತ್ತದೆ, ಖಾಲಿಯಾದ ಜಾಗಕ್ಕೆ ಸೋಡಿಯಂ ಬಂದು ಕೂರುತ್ತದೆ. ಜೆಲ್ ಉಬ್ಬಿ ಸಡಿಲವಾಗುವುದು ಅದಕ್ಕೇ. 10 ಮಿಲಿಮೋಲಾರ್ ಹೆಪಿಸ್ (ಫಾಸ್ಫೇಟ್ ಇಲ್ಲದ ಬಫರ್ ವಸ್ತು), 140 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, ಪಿಎಚ್ 7.4 ಇರುವ ಬಫರ್ ಮಾಡಿಕೊಳ್ಳಿ. ಬಿಡುಗಡೆ ಪರೀಕ್ಷೆಯ ದ್ರವಕ್ಕೆ ಮಾತ್ರ 2 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ.

ಇನ್ನೊಂದು, ಆಲ್ಜಿನೇಟನ್ನು ಬರೀ ನೀರಲ್ಲಿ ಕರಗಿಸಬೇಡಿ. ಲಿಪೊಸೋಮಿನ ಒಳಗೆ ಕರಗಿದ ಕಣಗಳ ಸಾಂದ್ರತೆ ಸುಮಾರು 290 ಮಿಲಿಆಸ್ಮೋಲ್, ಹೊರಗೆ ಏಕಾಏಕಿ ಅದಕ್ಕಿಂತ ತೀರಾ ಕಡಿಮೆ. ನೀರು ಒಳನುಗ್ಗಿ ಪೊರೆ ಬಿಗಿದು ಸೋರುತ್ತದೆ. ಅದೇ ಹೆಪಿಸ್ ಬಫರಿನಲ್ಲೇ ಕರಗಿಸಿ. ನಿಮ್ಮ 100 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಹೆಚ್ಚೂಕಡಿಮೆ 300 ಮಿಲಿಆಸ್ಮೋಲ್, ಅದು ಹಾಗೇ ಇರಲಿ.

ಉತ್ತರ 2
ಮೇಲಿನದಕ್ಕೆ ಒಪ್ಪಿಗೆ. ಆದರೆ ಲಿಪೊಸೋಮಿನೊಳಗೆ ಸೇರದೆ ಉಳಿದ ಔಷಧವನ್ನು ತೆಗೆದಿದ್ದೀರಾ? ಒಣ ಲಿಪಿಡ್ ಪದರವನ್ನು ನೆನೆಸಿ ಲಿಪೊಸೋಮ್ ಮಾಡುವ ಫಿಲ್ಮ್ ಹೈಡ್ರೇಶನ್‌ನಲ್ಲಿ ನೀರಲ್ಲಿ ಕರಗುವ ಔಷಧದ ಬಹುಪಾಲು ಹೊರಗೇ ಉಳಿಯುತ್ತದೆ. ಆಲ್ಜಿನೇಟ್ ಬಲೆಯ ಕಣ್ಣು ಕೆಲವೇ ನ್ಯಾನೊಮೀಟರ್. 100 ನ್ಯಾನೊಮೀಟರಿನ ಲಿಪೊಸೋಮ್ ಸಿಕ್ಕಿಬೀಳುತ್ತದೆ, ಸುಮಾರು 1,450 ಡಾಲ್ಟನ್‌ನ ವ್ಯಾಂಕೊಮೈಸಿನ್ ಸಲೀಸಾಗಿ ದಾಟುತ್ತದೆ. ಔಷಧವನ್ನು ತಡೆಯುವುದು ಲಿಪಿಡ್ ಪೊರೆಯೇ ಹೊರತು ಜೆಲ್ ಅಲ್ಲ. ಬೆರೆಸುವ ಮೊದಲು ಗಾತ್ರದ ಪ್ರಕಾರ ಬೇರ್ಪಡಿಸುವ ಸೆಫಡೆಕ್ಸ್ ಜಿ-50 ಕಾಲಮ್ ಅಥವಾ ಡಯಾಲಿಸಿಸ್ ಮಾಡಲೇಬೇಕು.

ಅಳತೆಯಲ್ಲೂ ಎಡವುವ ಜಾಗವೊಂದಿದೆ. ಜೆಲ್ ಇಟ್ಟ ದ್ರವದ ಮಾದರಿಯನ್ನು ಎರಡು ಪಾಲು ಮಾಡಿ, ಒಂದನ್ನು ಲಿಪೊಸೋಮ್ ದಾಟದ 30 ಕಿಲೋಡಾಲ್ಟನ್ ಸೆಂಟ್ರಿಫ್ಯೂಜ್ ಫಿಲ್ಟರಿನಲ್ಲಿ ಸೋಸಿ, ಇನ್ನೊಂದರ ಲಿಪೊಸೋಮ್ ಒಡೆದು ಅಳೆಯಿರಿ. ಎರಡೂ ಒಂದೇ ಬಂದರೆ ಹೊರಗಿರುವುದು ಬಿಡಿ ಔಷಧ. ಎರಡನೆಯದು ಜಾಸ್ತಿಯಿದ್ದರೆ ಜೆಲ್ ಕರಗಿ ಇಡೀ ಲಿಪೊಸೋಮೇ ಹೊರಬರುತ್ತಿದೆ. ಒಡೆಯಲು ಟ್ರೈಟಾನ್ ಎಕ್ಸ್-100 ಡಿಟರ್ಜೆಂಟ್ ಹಾಕಿ 280 ನ್ಯಾನೊಮೀಟರಿನಲ್ಲಿ ಯುವಿ ನೋಡಬೇಡಿ, ಟ್ರೈಟಾನ್ ಕೂಡ ಅಲ್ಲೇ ಬೆಳಕು ಹೀರುತ್ತದೆ. ಎಚ್‌ಪಿಎಲ್‌ಸಿಯಲ್ಲಿ ಬೇರ್ಪಡಿಸಿ ಅಳೆಯುವುದೇ ಲೇಸು.

ಪ್ರಶ್ನೆ ಕೇಳಿದವರು
ಬಿಡಿ ಔಷಧ ತೆಗೆದಿರಲಿಲ್ಲ. ಮಣಿ ಬೇಡ, ಗಾಯಕ್ಕೆ ತೆಳು ಹಾಳೆ ಬೇಕೆಂದರೆ? ಅಚ್ಚಿಗೆ ಸುರಿದು ಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಮೇಲ್ಪದರ ಮಾತ್ರ ಗಟ್ಟಿಯಾಗುತ್ತದೆ.

ಉತ್ತರ 1
ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಜಿಡಿಎಲ್ (ಗ್ಲುಕೊನೊ ಡೆಲ್ಟಾ-ಲ್ಯಾಕ್ಟೋನ್, ನೀರಲ್ಲಿ ನಿಧಾನವಾಗಿ ಆಮ್ಲವಾಗುವ ಪುಡಿ) ಬಳಸಿ. ಆ ಆಮ್ಲ ಕಾರ್ಬೊನೇಟನ್ನು ಕರಗಿಸಿ ಎಲ್ಲೆಡೆ ಸಮನಾಗಿ ಕ್ಯಾಲ್ಸಿಯಂ ಬಿಡಿಸುತ್ತದೆ. ಒಂದು ಮೋಲ್ ಕಾರ್ಬೊನೇಟಿಗೆ ಎರಡು ಮೋಲ್ ಜಿಡಿಎಲ್, ಕಾರ್ಬೊನೇಟ್ 20 ಮಿಲಿಮೋಲಾರ್‌ನಿಂದ ಶುರು ಮಾಡಿ. ಪುಡಿ ನುಣ್ಣಗಿರಬೇಕು, ಇಲ್ಲದಿದ್ದರೆ ತಳಕ್ಕೆ ಕೂತು ಹಾಳೆ ಅಡಿಯಲ್ಲಷ್ಟೇ ಗಟ್ಟಿಯಾಗುತ್ತದೆ. ಜಿಡಿಎಲ್ ಅನ್ನು ಕೊನೆಯಲ್ಲಿ, ಆಗಷ್ಟೇ ಕರಗಿಸಿ ಹಾಕಿ, ನೀರಿಗೆ ಬಿದ್ದ ಕ್ಷಣದಿಂದ ಅದು ಆಮ್ಲವಾಗತೊಡಗುತ್ತದೆ. ಗುಳ್ಳೆ ಏಳದಂತೆ ಮೆಲ್ಲಗೆ ಕಲಕಿ ಸುರಿಯಿರಿ, ಹೋಮೋಜಿನೈಸರ್ ಬೇಡ. ಡಿಪಿಪಿಸಿ ಪೊರೆ 41 ಡಿಗ್ರಿಗೆ ಮೆತ್ತಗಾಗುತ್ತದೆ, ಹಾಗಾಗಿ ಈ ಕೆಲಸವೆಲ್ಲ ಕೋಣೆಯ ತಾಪಮಾನದಲ್ಲೇ ಮುಗಿಯಲಿ. ಇಷ್ಟಾದ ಮೇಲೂ 37 ಡಿಗ್ರಿಯಲ್ಲಿ ಸೋರಿದರೆ ಅದೇ ಬಗೆಯ ಇನ್ನೊಂದು ಲಿಪಿಡ್ ಆದ ಡಿಎಸ್‌ಪಿಸಿಗೆ ಬದಲಿಸಿ. ಅದು ಮೆತ್ತಗಾಗುವುದು 55 ಡಿಗ್ರಿಗೆ, ಸೂಕ್ಷ್ಮ ರಂಧ್ರಗಳ ಮೂಲಕ ಒತ್ತಿ ಲಿಪೊಸೋಮ್ ಸಣ್ಣ ಮಾಡುವ ಎಕ್ಸ್‌ಟ್ರೂಷನ್ ಅದಕ್ಕೂ ಮೇಲೆ ಮಾಡಬೇಕಾಗುತ್ತದೆ.